ನಾಲ್ಕು ಬೆರಳು ಜಾಸ್ತಿ ಬಟ್ಟೆ

“...ಅಯ್ಯೋ ಬುಡವ್ವ, ಅದೂ ಒಂದು ಬ್ಯಾಂಡಾ!” ಅಂತ ಪಿರಿಯಾಪಟ್ಟಣದ ಟೈಲರ್ ಶಾಂತಮಲ್ಲಣ್ಣ, ಬ್ಲೌಸ್ ತಗೊಳ್ಳೋಕೆ ಬಂದ ಸುಕನ್ಯಂಗೆ ಆಗ್ಲೇ ಮೂರನೇ ಸಲ ಹೇಳ್ತಿದ್ದ; ಮೂವತ್ತು ವರ್ಷದಿಂದ ‘ಗುಡುಗು’ ರಾಕ್ ಬ್ಯಾಂಡಿನ ಒಂದು ಶೋನೂ ಬಿಡದೆ ನೋಡೋದು, ನೋಡ್ಬಂದು ಹೀಗೇ ಬಯ್ಯೋದು ಅವನ ಅಭ್ಯಾಸ. “ಡ್ರಮ್ ಬಾರ್ಸೋನಿಗೆ ಮಂಡಿನೋವು, ಗಿಟಾರಿನೋನು ಕುರ್ಚಿ ಕೇಳ್ತಾನೆ, ಹಾಡೋ ರುದ್ರೇಶಿ ಅರ್ಧ ಹಾಡನ್ನ ಜನರ ಕೈಲೇ ಹಾಡಿಸ್ತಾನೆ. ಗುಡುಗಲ್ಲ ಕಣವ್ವ, ಕೆಮ್ಮು!” ಆ ರುದ್ರೇಶಿಯ ಸ್ಟೇಜ್ ಕೋಟು ಹೊಲಿಯೋನೂ ಇವನೇ, ವರ್ಷಾ ವರ್ಷಾ ಹೊಟ್ಟೆ ಬೆಳೆಯುತ್ತೆ ಅಂತ ಹೊಲಿಗೆಯೊಳಗೆ ನಾಲ್ಕು ಬೆರಳು ಬಟ್ಟೆ ಜಾಸ್ತಿ ಬಿಟ್ಟಿರ್ತಾನೆ, ಪ್ರತಿ ಸಲ ಬಿಚ್ಚಿ ಸಡಿಲ ಮಾಡ್ತಾ “ಇದು ಕೋಟಲ್ಲ, ಶಾಮಿಯಾನ” ಅಂತ ಮೂದಲಿಸ್ತಾನೆ. ಈ ಸಲ ಮಾತ್ರ, ಆಸ್ಪತ್ರೆಯಿಂದ ಬಂದ ರುದ್ರೇಶಿ ಬೆಳಿಗ್ಗೆ ಅಂಗಡೀಲಿ ಹಾಕ್ಕೊಂಡು ನೋಡಿದಾಗ ಕೋಟು ಮೈಮೇಲೆ ಜೋತಾಡ್ತಿತ್ತು. ಮೊದಲ ಸಲ ಅದನ್ನ ಹಿಡಿದು ಚಿಕ್ಕದು ಮಾಡಿ ಹೊಲೀಬೇಕಾಯ್ತು. “ಮಿಕ್ಕಿದ್ ಬಟ್ಟೆ ಕತ್ತರಿಸಲ್ವಾ ಅಣ್ಣ?” ಅಂದ್ಲು ಸುಕನ್ಯ. ಅವನು ಕತ್ತರಿ ಮುಟ್ಟಲಿಲ್ಲ, ಅಷ್ಟನ್ನೂ ಮಡಿಸಿ ಒಳಗೇ ಇಟ್ಟು ಹೊಲಿದ. “ಇರ್ಲಿ ಬುಡು, ಮತ್ತೆ ಊದ್ಕೊತಾನೆ ನನ್ಮಗ. ಮುಂದಿನ ವಾರ ಮಿರ್ಲೇಲಿ ಶೋ ಐತೆ, ನೀನೂ ಬಾ. ಬಯ್ಯೋಕೆ ನನ್ನೊಬ್ಬನ ಕೈಲಿ ಆಗಲ್ಲ.”