ಜನ್ನಾಪುರದಲ್ಲಿ ನ್ಯೂಟ್ರಿನೊ

ಶಿವಮೊಗ್ಗದಲ್ಲಿ ಭದ್ರಾವತಿಯ ಖಾಸಗಿ ಬಸ್ಸು ಸಿಗುವುದಕ್ಕೆ ಕಾಯಬೇಕಾಗಿಲ್ಲ; ಸಿಕ್ಕ ಬಸ್ಸು ಹೊರಡುವುದಕ್ಕೆ ಕಾಯಬೇಕು. ಹೊಸ ಶತಮಾನ ಶುರುವಾದ ಹೊಸತರಲ್ಲಿ, ಬೇಸಿಗೆಯ ಒಂದು ಭಾನುವಾರ, ಬಸ್ಸು ತುಂಬುವವರೆಗೆ ನಾವು ಮೂವರು ಒಳಗೆ ಕೂತು ಬೆವರಿದೆವು. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಜೊತೆಗಿದ್ದವರು ಫಿಸಿಕ್ಸ್‌ನ ಕುಸುಮ ಮತ್ತು ಕಂಪ್ಯೂಟರ್ ವಿಭಾಗದ ಸತೀಶ. ಭದ್ರಾವತಿಯ ಜನ್ನಾಪುರದಲ್ಲಿ ಉಕ್ಕಿನ ಕಾರ್ಖಾನೆಯ ನಿವೃತ್ತ ನೌಕರರ ಸಂಘವೊಂದಿತ್ತು. ವಿಜ್ಞಾನದಲ್ಲಿ ಈಚೆಗೆ ಏನೇನಾಗಿದೆ ಎಂದು ಕನ್ನಡದಲ್ಲಿ ಹೇಳಲು ಅವರು ನಮ್ಮನ್ನು ಕರೆದಿದ್ದರು. ಟಿಕೆಟ್ ಆರು ರೂಪಾಯಿ. ದೂರ ಹದಿನೆಂಟು ಕಿಲೋಮೀಟರ್ ಇರಬಹುದು.

ಮಲವಗೊಪ್ಪ ದಾಟಿದರೂ ಕುಸುಮ ತನ್ನ ಭಾಷಣದ ಹಾಳೆಗಳನ್ನೇ ತಿರುವುತ್ತಿದ್ದಳು. "ಏನ್ ಮಾರಾಯ್ತಿ, ಪರೀಕ್ಷೆಗೆ ಹೋಗ್ತಿರೋರ ಥರ ಕೂತಿದೀಯ?" ಎಂದೆ.

"ಪರೀಕ್ಷೇನೇ ಸಾರ್. ಇವತ್ತು ಅಧ್ಯಕ್ಷರು ನಮ್ಮಪ್ಪ," ಎಂದಳು.

ಆ ಸಂಘದಲ್ಲಿ ಅಧ್ಯಕ್ಷತೆ ಸರದಿಯ ಮೇಲೆ ಬರುತ್ತದಂತೆ. ಅಧ್ಯಕ್ಷರಾದವರು ಕೊನೆಯಲ್ಲಿ ಎದ್ದು ಪ್ರತಿಯೊಬ್ಬರ ಭಾಷಣದ ಸಾರವನ್ನು ತಮ್ಮ ಮಾತಿನಲ್ಲಿ ಹೇಳಲೇಬೇಕು. ತಪ್ಪಿದರೆ ಮುಂದಿನ ಅಧ್ಯಕ್ಷರು ಬರುವವರೆಗೂ ಗೆಳೆಯರು ಗೇಲಿ ಮಾಡುತ್ತಾರೆ. ಕುಸುಮಳ ಚಿಂತೆ ಗೇಲಿಯದಲ್ಲ. ಅಂದು ಮಾತಾಡಬೇಕಿದ್ದ ವಿಷಯದಲ್ಲೇ ಸಂಶೋಧನೆಗೆ ಅವಳಿಗೆ ದೂರದ ಸಂಸ್ಥೆಯೊಂದರಲ್ಲಿ ಸೀಟು ಸಿಕ್ಕಿತ್ತು. ಕಾಲೇಜಿಗೆ ಮೂರು ವರ್ಷ ರಜ ಹಾಕಿ ಹೋಗಬೇಕು. ಬರುತ್ತೇನೋ ಇಲ್ಲವೋ ಎಂಬುದನ್ನು ಮರುದಿನವೇ ತಿಳಿಸಬೇಕಿತ್ತು.

"ಅಪ್ಪ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ ಸಾರ್. 'ಏನನ್ನ ಹುಡುಕ್ಕೊಂಡು ಹೋಗ್ತೀಯ ಅಂತ ನಂಗರ್ಥ ಆಗ್ಲಿ, ಆಮೇಲ್ ನೋಡಾಣ' ಅಂತಾರೆ."

"ಅವರು ಹೂಂ ಅನ್ನದಿದ್ರೂ ಹೋಗ್ಬಹುದಲ್ಲ?"

"ಹೋಗ್ಬಹುದು. ಆದ್ರೆ ಅಮ್ಮ ತೀರ್ಕೊಂಡ ಮೇಲೆ ಫಸ್ಟ್ ಶಿಫ್ಟಿಗೆ ಹೋಗೋ ಮುಂಚೆ ನಂಗೆ ಜಡೆ ಹಾಕಿಟ್ಟು ಹೋಗ್ತಿದ್ದೋರು ಅವ್ರು. ಅವ್ರ ಬಾಯಿಂದ ಹೂಂ ಅನ್ನಿಸ್ಕೊಳ್ದೆ ನಾ ಹೋಗಲ್ಲ ಸಾರ್."

ಭದ್ರಾವತಿಯಲ್ಲಿ ಇಳಿದಾಗ ಗಾಳಿಯಲ್ಲಿ ಕಾಗದದ ಕಾರ್ಖಾನೆಯ, ಕೊಳೆತ ಕೋಸಿನಂಥ ವಾಸನೆಯಿತ್ತು. ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಪಡ್ಡು ತಿಂದು ಕಾಫಿ ಕುಡಿದೆವು. ಪಡ್ಡು ಬಿಸಿಯಾಗಿತ್ತು, ಚಟ್ನಿ ಹುಳಿಯಾಗಿತ್ತು. ಇನ್ನೊಂದು ಬಸ್ಸು ಹಿಡಿದು ಜನ್ನಾಪುರ ಸೇರಿದಾಗ ಸಭಾಂಗಣ ತುಂಬಿತ್ತು. ಕುಸುಮಳ ತಂದೆ ರುದ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕುಲುಮೆಯ ಮುಂದೆ ಡ್ಯೂಟಿಗೆ ನಿಂತವರಂತೆ ಬಾಗಿಲಲ್ಲೇ ನಿಂತಿದ್ದರು. ಮಗಳಿಗೂ ನಮಗೆ ಮಾಡಿದಂತೆಯೇ ಕೈಮುಗಿದರು.

ಪ್ರಾರ್ಥನೆ, ಸ್ವಾಗತ, ಹಾರ, ಹಣ್ಣು ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು. ವಯಸ್ಸಿನ ಪ್ರಕಾರ ಮೊದಲ ಸರದಿ ನನ್ನದು. ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧ ಮಾಡುವ ಬದಲು, ಹುಟ್ಟದ ಹಾಗೆಯೇ ರಾಸಾಯನಿಕ ಕ್ರಿಯೆಯನ್ನು ರೂಪಿಸುವ ಹೊಸ ದಾರಿಗಳ ಬಗ್ಗೆ ಹೇಳಿದೆ. ಮುಂದಿನ ಸಾಲಿನ ತಮಿಳು ಹಿರಿಯರೊಬ್ಬರು ಎದ್ದು, "ಅದೆಲ್ಲ ಸರಿ ಸಾರ್, ನಮ್ಮೂರ್ ವಾಸ್ನೆ ಯಾವಾಗ ಹೋಗ್ತದೆ?" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ.

ಸತೀಶ ಡೇಟಾ ಮೈನಿಂಗ್ ವಿವರಿಸಿದ. ಅಂಗಡಿಯ ಸಾವಿರಾರು ಬಿಲ್ಲುಗಳನ್ನು ಕಂಪ್ಯೂಟರಿಗೆ ಕೊಟ್ಟರೆ, ಯಾವುದರ ಜೊತೆ ಯಾವುದು ಖರ್ಚಾಗುತ್ತದೆಂದು ಅದು ತಾನಾಗಿ ಪತ್ತೆ ಮಾಡುತ್ತದೆ ಎಂದ. ಬೀಡಿಯ ಜೊತೆ ಬೆಂಕಿಪೊಟ್ಟಣ ಎಂದು ಯಾರೋ ಕೂಗಿದರು. "ಅದು ನಮಗೆ ಗೊತ್ತಿರೋದು. ನಾವು ಕೇಳೋಕೇ ಹೊಳೀದೇ ಇರೋದನ್ನ ಅದು ಹುಡುಕುತ್ತೆ," ಎಂದ ಸತೀಶ. ಚಪ್ಪಾಳೆ ಬಿತ್ತು.

ಕುಸುಮ ಮೈಕ್ ಹಿಡಿಯುವುದಕ್ಕೂ ಶಿಫ್ಟಿನ ಸೈರನ್ ಕೂಗುವುದಕ್ಕೂ ಸರಿಹೋಯಿತು. ನಿವೃತ್ತರ ಜೊತೆ ಕೇಳಲು ಬಂದಿದ್ದ, ಇನ್ನೂ ಕೆಲಸದಲ್ಲಿದ್ದವರೆಲ್ಲ ಎದ್ದು ಹೊರಟರು. ಸಭಾಂಗಣ ಅರ್ಧ ಖಾಲಿಯಾಯಿತು. ನ್ಯೂಟ್ರಿನೊ ಎಂಬ ಕಣಗಳು ಸೂರ್ಯನಿಂದ ಬಂದು ನಮ್ಮ ಮೈಯನ್ನೂ ಭೂಮಿಯನ್ನೂ ತೂರಿ ಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ ಎಂದಳು. ಅವುಗಳಿಗೆ ತೂಕವೇ ಇಲ್ಲವೆಂದುಕೊಂಡಿದ್ದರು, ಅತ್ಯಲ್ಪವಾದರೂ ಇದೆಯೆಂದು ಈಚೆಗೆ ತಿಳಿದಿದೆ ಎಂದಳು.

"ನಿಲ್ಲದೇ ಹೋಗೋದನ್ನ ಹಿಡಿಯೋದು ಹೆಂಗೆ?" ರುದ್ರಪ್ಪನವರು ಅಧ್ಯಕ್ಷರ ಕುರ್ಚಿಯಿಂದಲೇ ಕೇಳಿದರು.

"ಹಳೇ ಗಣಿಯ ಆಳದಲ್ಲಿ ದೊಡ್ಡ ತೊಟ್ಟಿ ಕಟ್ಟಿ, ಶುದ್ಧ ನೀರು ತುಂಬಿ ಕಾಯ್ತಾರೆ. ಎಲ್ಲೋ ಒಂದು ಕಣ ನೀರಲ್ಲಿ ಡಿಕ್ಕಿ ಹೊಡೆದ್ರೆ ಚೂರು ಬೆಳಕು ಬರುತ್ತೆ."

"ಬರದಿದ್ರೆ?"

"ಮತ್ತೆ ಕಾಯ್ತಾರೆ."

ಕೊನೆಗೆ ರುದ್ರಪ್ಪನವರು ಎದ್ದರು. "ಕೆಮಿಸ್ಟ್ರಿ ಮೇಷ್ಟ್ರು ಹೇಳಿದ್ದು, ಕಸ ಗುಡ್ಸೋದಕ್ಕಿಂತ ಕಸ ಮಾಡ್ದೇ ಇರೋದು ಮೇಲು ಅಂತ. ಕಂಪ್ಯೂಟರ್ ಮೇಷ್ಟ್ರು ಹೇಳಿದ್ದು, ರಾಶಿ ಜಾಲಾಡಿದ್ರೆ ಕೇಳದೇ ಇರೋ ಪ್ರಶ್ನೆಗೂ ಉತ್ತರ ಸಿಗುತ್ತೆ ಅಂತ." ಅಷ್ಟು ಹೇಳಿ ಮಗಳತ್ತ ತಿರುಗಿದರು. "ಮೂರ್ನೇ ಭಾಷಣ ನಂಗರ್ಥ ಆಗ್ಲಿಲ್ಲ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಕುಸುಮ ತಲೆ ತಗ್ಗಿಸಿದಳು.

"ನಗಬೇಡ್ರಪ್ಪ. ಅರ್ಥ ಆಗೋ ಹಂಗೆ ಹೇಳೋಕೆ ಮೇಡಂ ಇನ್ನೂ ಕಲೀಬೇಕು. ಹೋಗಿ ಕಲಿತು ಬರ್ಲಿ. ಮೂರು ವರ್ಷ ಆಗುತ್ತಂತೆ, ಆಗ್ಲಿ. ಬಂದು ಇದೇ ಜಾಗದಲ್ಲಿ ಹೇಳ್ಲಿ. ಸಾರ ನಾನು ಆವತ್ತು ಹೇಳ್ತೀನಿ. ಅಲ್ಲೀತಂಕ ನೀವು ಗೇಲಿ ಮಾಡ್ಕೊಳ್ಳಿ."

ಕುಸುಮ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತೀಶ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಸಂತೋಷದಲ್ಲಿ ವಂದನಾರ್ಪಣೆ ನನ್ನ ಕಿವಿಗೇ ಬೀಳಲಿಲ್ಲ.

ಸಂಜೆ ಬಸ್ಸಿನವರೆಗೆ ರುದ್ರಪ್ಪನವರು ಬಂದರು. ದಾರಿಯುದ್ದಕ್ಕೂ ಬಿಸಿಲಿನ ಮಾತು, ನೀರಿನ ಮಾತು. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು, "ಕುಸುಮ, ಆ ತೊಟ್ಟಿ ಎಷ್ಟು ಆಳದಲ್ಲಿದೆ ಅಂದೆ?" ಎಂದರು.

ಅವಳು ಹೇಳಲು ಬಾಯಿ ತೆರೆದಳು. ಅವರು ಬೇಡವೆಂದು ಕೈ ಆಡಿಸಿದರು. "ಈಗ ಬೇಡ ಬಿಡು. ನೋಡ್ಕೊಂಡ್ ಬಂದು ಹೇಳು."

ತಿರುವಿನಲ್ಲಿ ಹಿಂದೆ ನೋಡಿದೆ. ಬಿಳಿ ಅಂಗಿ ಇನ್ನೂ ಅಲ್ಲೇ ನಿಂತಿತ್ತು.