ಅಂಚಿನ ಪಕ್ಕದ ಬೂದಿಗೆರೆ

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಮಗ್ಗದಲ್ಲಿ ಕಡಿದುಹೋದ ಎಳೆಗಳನ್ನು ಗಂಟು ಹಾಕಿ ಹಾಕಿ ಬಿದ್ದ ಕಚ್ಚು. ದೊಡ್ಡಬಳ್ಳಾಪುರದಲ್ಲಿ ಅಂಥ ಉಗುರು ಬೀದಿಗೆ ಹತ್ತು ಸಿಗುತ್ತವೆ. ಆದರೆ ಸಿನಿಮಾ ಥಿಯೇಟರಿನ ಕತ್ತಲಲ್ಲಿ ಕೂತು, ಪರದೆಯಿಂದ ಕಣ್ಣು ಕದಲಿಸದೆ, ಮಡಿಲಲ್ಲಿಟ್ಟ ನೂಲಿಗೆ ಪಟಪಟನೆ ಗಂಟು ಹಾಕುತ್ತಿದ್ದ ಉಗುರು ಅದೊಂದೇ ಇರಬೇಕು.

ನಾನು ನಂದಗುಡಿ ಕಡೆಯ ರಾಗಿ ಹೊಲದವರ ಮಗಳು. ಮದುವೆಯಾಗಿ ಮಗ್ಗದ ಮನೆಗೆ ಬಂದಾಗ ಉದ್ದದ ಹಾಸು ಯಾವುದು, ಅಡ್ಡದ ಹೊಕ್ಕು ಯಾವುದು ಎಂಬುದೂ ಗೊತ್ತಿರಲಿಲ್ಲ. ಹದಿನೈದು ದಿನ ಕಳೆದಿತ್ತೋ ಇಲ್ಲವೋ, ಒಂದು ಬೆಳಿಗ್ಗೆ ಅತ್ತೆ ಬಂದು, "ಏಳಮ್ಮಾ, ಒಳ್ಳೆ ಸೀರೆ ಉಟ್ಕೊ. ಬೆಂಗ್ಳೂರಲ್ಲಿ ಕೆಲ್ಸ ಐತೆ" ಎಂದರು. ಯಾವುದೋ ಜವಳಿ ಅಂಗಡಿ ಇರಬಹುದು ಎಂದುಕೊಂಡು ಹಿಂದೆ ಹೊರಟೆ. ಹೋಗಿ ಕೂತದ್ದು ಮಾರ್ನಿಂಗ್ ಶೋಗೆ!

ಕೆಲಸ ಎಂದದ್ದು ಸುಳ್ಳಲ್ಲ. ಸಿನಿಮಾದಲ್ಲಿ ನಾಯಕಿ ಉಟ್ಟ ಸೀರೆಯನ್ನು ಮರುವಾರವೇ ಊರೆಲ್ಲ ಕೇಳುತ್ತಿದ್ದ ಕಾಲ ಅದು. ಯಾರು ಮೊದಲು ಆ ಅಂಚನ್ನು ನೇಯ್ದರೋ ಅವರ ಮಗ್ಗಕ್ಕೆ ಬಿಡುವಿಲ್ಲ. ಮಾವ ಮೊದಲು ಗಂಡಸರನ್ನೇ ಕಳಿಸಿ ನೋಡಿದ್ದರಂತೆ. ಅವರು ಫೈಟಿಂಗ್ ಕಥೆ ಹೇಳಿಕೊಂಡು ಬಂದರಂತೆ, ಅಂಚು ಕೇಳಿದರೆ "ಕೆಂಪಗಿತ್ತು" ಎಂದರಂತೆ. ಆಮೇಲೆ ಅತ್ತೆಯೇ ಹೊರಟರು. ಅವರ ಲೆಕ್ಕ ಬಲು ಸರಳ. ಜರಿ ಇದ್ದಲ್ಲಿ ಗಂಟು, ಬಿಟ್ಟ ಜಾಗಕ್ಕೆ ಬರೀ ನೂಲು, ಹೂವಿಗೆ ಜೋಡಿ ಗಂಟು. ಮರುದಿನ ಮಗ್ಗದ ಮುಂದೆ ಕೂತು ಆ ನೂಲನ್ನು ಬೆರಳಲ್ಲಿ ಓದಿ ಅಂಚು ಹೇಳುತ್ತಿದ್ದರು.

ರೈಲು ಇಳಿದ ಕೂಡಲೇ ಅತ್ತೆಯದು ಓಟ. ಆ ಮೈಕಟ್ಟಿಗೆ ಆ ಓಟ ಎಲ್ಲಿಂದ ಬರುತ್ತಿತ್ತೋ! ಸಬ್‌ವೇ ಮೆಟ್ಟಿಲು ಹತ್ತುತ್ತಾ ಹಿಂದೆ ತಿರುಗಿ, "ಬಾರೇ ಬೇಗ, ಪರದೆ ಏಳೋದು ನೋಡ್ದೆ ಇದ್ರೆ ಅದೂ ಒಂದು ಸಿನಿಮಾನಾ!" ಎಂದು ಕೂಗುತ್ತಿದ್ದರು. ಸಿನಿಮಾ ಶುರುವಾಗುವ ಮೊದಲು ಮುಂದಿನ ಬಟ್ಟೆಯ ಪರದೆ ಸಂಗೀತದ ಜೊತೆ ನಿಧಾನ ಮೇಲೇಳುತ್ತಿತ್ತಲ್ಲ, ಅದು ಅವರಿಗೆ ಪ್ರಾಣ. ಥಿಯೇಟರುಗಳ ಹೆಸರನ್ನು ಅವರು ಎಂದೂ ಹೇಳಿದವರಲ್ಲ. ಒಂದು 'ನೀಲಿ ನಿರಿಗೆ', ಇನ್ನೊಂದು 'ಕೆಂಪು ಮಕಮಲ್ಲು', ಮತ್ತೊಂದು 'ಬಂಗಾರದ ಕುಚ್ಚು'. ಹೊಸದಾಗಿ ಬಂದವರು ದಾರಿ ಕೇಳಿದರೂ ಅದೇ ಹೆಸರು! ಕೇಳಿದವರು ಕಕ್ಕಾಬಿಕ್ಕಿ.

ಸಾಲು ಥಿಯೇಟರುಗಳಿದ್ದ ಆ ರಸ್ತೆಯ ಚರಿತ್ರೆಯನ್ನು ನಾನು ಕಲಿತದ್ದು ಹೀಗೆ, ಅವರ ಹಿಂದೆ ಓಡುತ್ತಾ. ಎಲ್ಲಿ ಹೆಂಗಸರಿಗೆ ಬೇರೆ ಸಾಲು ಇತ್ತು, ಆ ಸಾಲಿನ ಕಂಬಿಗೆ ಎಷ್ಟು ಜನರ ಬಳೆ ಒಡೆದಿದ್ದವು, ಎಲ್ಲಿ ಅಳುವ ಕೂಸುಗಳನ್ನು ಎತ್ತಿಕೊಂಡು ಗಾಜಿನ ಕೋಣೆಯೊಳಗಿಂದ ಸಿನಿಮಾ ನೋಡಬಹುದಿತ್ತು, ಎಲ್ಲಿ ಬಾಲ್ಕನಿ ಮೆಟ್ಟಿಲ ಬದಿಯ ಕನ್ನಡಿಯಲ್ಲಿ ಬಡವರೂ ಒಂದು ಗಳಿಗೆ ರಾಣಿಯರ ಹಾಗೆ ಕಾಣುತ್ತಿದ್ದರು, ಎಲ್ಲವೂ ಅವರ ಬಾಯಲ್ಲಿತ್ತು. ಒಂದರಲ್ಲಿ ತೆಲುಗು, ಅದರಾಚೆ ತಮಿಳು, ಎದುರಿಗೆ ಇಂಗ್ಲಿಷು. ಭಾಷೆ ಯಾವುದಾದರೇನು, ಅಂಚು ಕಂಡರೆ ಸಾಕು. ಆಮೇಲೆ ಒಂದೊಂದೇ ಮುಚ್ಚತೊಡಗಿದವು. ನೀಲಿ ನಿರಿಗೆ ಇದ್ದಲ್ಲಿ ಮಳಿಗೆಗಳೆದ್ದವು, ಬಂಗಾರದ ಕುಚ್ಚಿನ ಜಾಗದಲ್ಲಿ ಕಾರು ನಿಲ್ಲಿಸತೊಡಗಿದರು. ಅತ್ತೆ ಆ ಕಾರುಗಳ ಮುಂದೆ ನಿಂತು, "ಇಲ್ಲೇ ಕಣೇ ಪರದೆ ಇದ್ದಿದ್ದು" ಎಂದು ಕೈ ಎತ್ತಿ ತೋರಿಸುತ್ತಿದ್ದರು.

ನಮ್ಮ ಸೀರೆಯ ಅಂಚಿಗೆ ಬಂದ ಬೂದಿ ಬಣ್ಣದ ಗೆರೆಯ ಕಥೆ ನಡೆದದ್ದು ರಸ್ತೆಯ ಕೊನೆಯಲ್ಲಿದ್ದ ಅತಿ ಹಳೆಯ ಥಿಯೇಟರಿನಲ್ಲಿ. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಹಿಂದಿನ ಸಲ ಅವರು ತಂದ ಅಂಚು ಸರಿಯಾಗದೆ ಮಾವ ರೇಗಿದ್ದರು. "ಈ ಸಲಾನೂ ಕೈಕೊಟ್ರೆ ಸಿನಿಮಾನೂ ಇಲ್ಲ ಗಿನಿಮಾನೂ ಇಲ್ಲ. ಇಬ್ರೂ ಮನೇಲಿ ಬಿದ್ದಿರಿ" ಎಂದಿದ್ದರು. ಆ ದಿನ ಕತ್ತಲಲ್ಲಿ ಅತ್ತೆ ನೂಲನ್ನು ನನ್ನ ಕೈಗೆ ತುರುಕಿದರು. "ನೀನು ಕಟ್ಟು ಮಗಾ, ನಂಗೆ ಮಬ್ಬು ಮಬ್ಬು."

ನೂಲನ್ನು ಬೆರಳಿಗೆ ಸುತ್ತಿಕೊಂಡು ಪರದೆಗೆ ಕಣ್ಣು ನೆಟ್ಟೆ. ನಾಯಕಿ ಪರದೆಯ ಬಲಗಡೆ, ಕಂಬಕ್ಕೊರಗಿ ನಿಂತು ಹಾಡುತ್ತಿದ್ದಳು. ಸೆರಗಿನ ಅಂಚು ನೇರ ಕೆಳಗಿಳಿದಿತ್ತು. ಮೂರು ಜರಿ ಸಾಲು, ಹೂವಿನ ಬಳ್ಳಿ, ಮತ್ತೆ ಜರಿ. ಅದರ ಪಕ್ಕದಲ್ಲೇ, ಕೂದಲೆಳೆಯಂತೆ ಒಂದು ಬೂದಿ ಬಣ್ಣದ ಗೆರೆ. "ಬೂದಿಗೆರೆ ಒಂದೈತೆ ಅತ್ತೆ" ಎಂದು ಪಿಸುಗುಟ್ಟಿದೆ. "ಐತಾ? ಭಲೇ, ಅದನ್ನೂ ಕಟ್ಟು" ಎಂದರು. ಕಟ್ಟಿದೆ.

ಹಾಸಿನ ಎಳೆಗಳ ಜೊತೆ ಬೂದಿ ಬಣ್ಣದ ನಾಲ್ಕು ಎಳೆ ಸೇರಿಸಿ ಮಗ್ಗಕ್ಕೆ ಏರಿಸಿದರು. ಆರು ಸೀರೆ ನೇಯ್ದದ್ದೂ ಆಯಿತು. ಆಗ ಸೆರಗಿನ ಹೂವನ್ನು ಇನ್ನೊಮ್ಮೆ ನೋಡೋಣವೆಂದು ಅದೇ ಸಿನಿಮಾಕ್ಕೆ ಹೋದೆವು, ಈ ಸಲ ಬೇರೆ ಥಿಯೇಟರಿಗೆ. ಅದೇ ಕಂಬ, ಅದೇ ಹಾಡು, ಅದೇ ಸೆರಗು. ಗೆರೆ ಇಲ್ಲ! ಕಣ್ಣುಜ್ಜಿಕೊಂಡು ನೋಡಿದೆ. ಇಲ್ಲವೇ ಇಲ್ಲ. ಹೇಳದೆ ಬಿಡೋಣವೆಂದರೂ ನಾಲಿಗೆ ಕೇಳಲಿಲ್ಲ, ಅಳುತ್ತಲೇ ಹೇಳಿದೆ.

ಬೈಗುಳಕ್ಕೆ ತಲೆ ಬಗ್ಗಿಸಿ ಕೂತಿದ್ದೆ. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಗೆರೆ ಎಲ್ಲೋಯ್ತು? ನಡಿಯೇ, ನೋಡೇ ಬಿಡಾನ!" ಇಂಟರ್‌ವಲ್ಲಿಗೂ ನಿಲ್ಲದೆ ಹಳೆಯ ಥಿಯೇಟರಿಗೆ ಮತ್ತೆ ಓಟ. ಅಲ್ಲಿ ಆಗತಾನೇ ಆಟ ಬಿಟ್ಟಿತ್ತು. ಗೇಟಿನಲ್ಲಿದ್ದ ಮುದುಕರಿಗೆ ಅತ್ತೆ ಹಳೆಯ ಪರಿಚಯ. ವಿಷಯ ಕೇಳಿ ಅವರು ಗಹಗಹಿಸಿ ನಕ್ಕರು.

"ಅಯ್ಯೋ ಅಮ್ಮಾ, ಅದು ಸೀರೆದಲ್ಲ, ನಮ್ ಪರದೆದು! ಅಗಲದ ಪಿಕ್ಚರ್ ಬಂದಾಗ ಪರದೆ ಸಾಕಾಗ್ಲಿಲ್ಲ. ಪಕ್ಕಕ್ಕೆ ಒಂದು ಪಟ್ಟಿ ಹೊಲ್ಸಿದ್ರು. ಇಷ್ಟು ವರ್ಷ ಆಯ್ತು, ಒಬ್ಬ್ರೂ ಕೇಳಿಲ್ಲ ಗೊತ್ತಾ!"

ದೀಪ ಹಾಕಿ ಒಳಗೆ ಬಿಟ್ಟರು. ಸಾವಿರ ಜನ ಕಣ್ಣು ನೆಟ್ಟು ನೋಡುವ ಆ ಬಟ್ಟೆಯ ಬುಡಕ್ಕೇ ಹೋಗಿ ನಿಂತೆವು. ಎಂಥ ಪುಳಕ! ಅತ್ತೆ ಕಚ್ಚುಬಿದ್ದ ಉಗುರನ್ನು ಆ ಹೊಲಿಗೆಯ ಮೇಲೆ ಮೇಲಿಂದ ಕೆಳಗೆ ಎಳೆದರು. "ಎಂಥಾ ಹೊಲಿಗೆ ಹಾಕವ್ನೆ ನೋಡೇ ಪುಣ್ಯಾತ್ಮ! ಒಂದೂ ಸುಕ್ಕಿಲ್ಲ" ಎಂದು ಮಗುವಿನ ಹಾಗೆ ನಕ್ಕರು. ನಾನು ಇನ್ನೂ ಬಿಕ್ಕುತ್ತಿದ್ದೆ. ವಾಪಸು ಬರುವಾಗ ರೈಲಿನಲ್ಲಿ ನನ್ನ ಕಡೆ ವಾಲಿ ಹೇಳಿದರು, "ಗಂಟು ಕಟ್ಟಿದ್ದು ನಾನು. ತಿಳೀತಾ? ಈ ಮಾತು ಈ ರೈಲಲ್ಲೇ ಇರ್ಲಿ."

ಮನೆಗೆ ಬಂದು ಮಾವನ ಮುಂದೆ ಹಾಗೆಯೇ ಹೇಳಿದರು. ಮಾವ ಕೂಗಾಡಿದರು, ಅತ್ತೆಯ ಕಣ್ಣನ್ನೂ ಸಿನಿಮಾವನ್ನೂ ಸೇರಿಸಿ ಬೈದರು. ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ. ಹೊರಗೆ ಬಂದು ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಆರು ಸೀರೆಗಳನ್ನು ಮಾವ ಗೊಣಗುತ್ತಲೇ ಅಂಗಡಿಗೆ ಕೊಟ್ಟು ಬಂದರು. ವಾರ ಕಳೆಯುವುದರೊಳಗೆ ಅಂಗಡಿಯವರೇ ಬಾಗಿಲಿಗೆ ಬಂದರು. "ಬೂದಿಗೆರೆದು ಇನ್ನೂ ಬೇಕು, ಅದು ಪಕ್ಕದಲ್ಲಿದ್ರೆ ಜರಿ ಎದ್ದು ಕಾಣ್ತದಂತೆ" ಎಂದರು. ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು. ಮುಂದಿನ ಶುಕ್ರವಾರ ಮಾವನೇ, "ಏನು, ಸಿನಿಮಾಕ್ಕೆ ಹೋಗಲ್ವಾ?" ಎಂದು ಕೇಳಿದರು! ಆಮೇಲೆ ಸುತ್ತಲಿನ ಮಗ್ಗದವರೂ ಆ ಗೆರೆಯನ್ನು ನಮ್ಮತ್ತೆಯ ಹೆಸರಿನಿಂದಲೇ ಕರೆಯತೊಡಗಿದರು.

ಕೆಲವು ವರ್ಷಗಳ ಹಿಂದೆ ಆ ಹಳೆಯ ಥಿಯೇಟರನ್ನೂ ಕೆಡವುತ್ತಿದ್ದಾರೆಂದು ಗೊತ್ತಾಯಿತು. ಮಾವ ಆಗಲೇ ತೀರಿಕೊಂಡಿದ್ದರು. ಮಂಡಿ ನೋವು ಹಿಡಿದಿದ್ದ ಅತ್ತೆ ಬೂದಿಗೆರೆಯ ಸೀರೆ ಉಟ್ಟು, ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಹೋಗಿ ನೋಡಿದರೆ ಚಾವಣಿ ಇಲ್ಲ, ಮುಂದಿನ ಗೋಡೆ ಇಲ್ಲ. ಹಿಂದಿನ ಗೋಡೆಯ ಮೇಲೆ ಪರದೆ ಮಾತ್ರ ಹಾಡುಹಗಲಿನ ಬಿಸಿಲಲ್ಲಿ ತೂಗುತ್ತಿತ್ತು. ಗೆರೆ ರಸ್ತೆಗೆಲ್ಲ ಕಾಣುತ್ತಿತ್ತು. ಅಳುತ್ತಾರೇನೋ ಎಂದು ನಾನು ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಸೆರಗು ಹರಡಿ ತೋರಿಸತೊಡಗಿದರು. "ನೋಡ್ರಪ್ಪಾ, ಅಲ್ಲಿರೋ ಗೆರೆನೇ ಇಲ್ಲಿರೋದು! ನಾನೇ ಗಂಟು ಕಟ್ಟಿ ತಂದಿದ್ದು!" ಎಂದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಅತ್ತೆ ಹೋಗಿ ಒಂದು ವರ್ಷವಾಯಿತು. ಈಗ ಅಂಚನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಹೋದ ತಿಂಗಳು ಅವರ ಆ ಸೀರೆಯನ್ನು ಹೊಸದಾಗಿ ನೇಯಿಸೋಣವೆಂದು ಡಿಸೈನ್ ಮಾಡುವವಳ ಹತ್ತಿರ ಒಯ್ದೆ. ಅವಳು ಅಂಚನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಳು.

"ಆಂಟಿ, ಜರಿ ಪಕ್ಕ ನಾಲ್ಕು ಎಳೆ ಬೂದಿ ಬಣ್ಣ ಸೇರ್ಕೊಂಡ್ಬಿಟ್ಟಿದೆ. ಯಾರೋ ಮಿಸ್ಟೇಕ್ ಮಾಡಿದ್ದಾರೆ. ಡಿಲೀಟ್ ಮಾಡ್ಬಿಡ್ಲಾ?"

"ಬೇಡ ತಾಯಿ, ಇರ್ಲಿ ಬಿಡು," ಎಂದೆ. "ಮಿಸ್ಟೇಕ್ ಮಾಡಿದ್ದು ನಾನೇ."

ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆ. ಅತ್ತೆ ಪಕ್ಕದಲ್ಲಿದ್ದಿದ್ದರೆ, "ರೈಲಲ್ಲೇ ಇರ್ಲಿ ಅಂದಿರ್ಲಿಲ್ವೇನೇ" ಎಂದು ತಲೆಗೊಂದು ಮೊಟಕುತ್ತಿದ್ದರು.