ಕಡ್ಡಿ ಕತ್ತರಿಸಿದ ನಾಲ್ಕು ಅಂಗುಲ

ಅವನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಮೈಕಟ್ಟಿಗೂ ಆ ಹೆಸರು ಒಪ್ಪುತ್ತಿತ್ತು, ಕೆಲಸಕ್ಕೂ. ನಗರಸಭೆಯ ಶೆಡ್ಡಿನಲ್ಲಿದ್ದ ಇಪ್ಪತ್ತೊಂದು ಕಸದ ಗಾಡಿಗಳ ವೈಪರ್ ನೋಡಿಕೊಳ್ಳುವುದು ಅವನ ಕೆಲಸ. ಕಾಗದದ ಮೇಲೆ ಅವನು ಮೆಕ್ಯಾನಿಕ್. ಎಂಜಿನ್ನಿಗೆ ಕೈ ಹಾಕಿದ್ದನ್ನು ಮಾತ್ರ ನಾನು ಕಂಡಿಲ್ಲ.

ಬ್ಲೇಡು ನೋಡುವಾಗ ಕಣ್ಣು ಮುಚ್ಚುತ್ತಿದ್ದ. ರಬ್ಬರಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಎಲ್ಲಿ ಹರಿದಿದೆ, ಎಲ್ಲಿ ಗಟ್ಟಿಯಾಗಿದೆ ಎಂದು ಹೇಳುತ್ತಿದ್ದ. ಗಾಜಿನ ಮೇಲೆ ಗೆರೆ ಬೀಳುತ್ತಿದೆ, ಬ್ಲೇಡು ಬದಲಾಯಿಸು ಎಂದು ಯಾರಾದರೂ ಡ್ರೈವರ್ ಬಂದರೆ ಅವನ ಮೊದಲ ಪ್ರಶ್ನೆ ಒಂದೇ:

"ಗಾಜು ತೊಳೆದು ಎಷ್ಟು ದಿನ ಆಯ್ತು? ನೀನು ಸ್ನಾನ ಮಾಡಿದಷ್ಟೇ ದಿನಾನಾ?"

ಗಾಜನ್ನು ಸೋಪಿನ ನೀರಲ್ಲಿ ತೊಳೆದು, ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹತ್ತರಲ್ಲಿ ಆರು ಬ್ಲೇಡು ಬದುಕಿಕೊಳ್ಳುತ್ತಿದ್ದವು. ಒಣ ಗಾಜಿನ ಮೇಲೆ ವೈಪರ್ ಆಡಿಸಿದವನಿಗೆ ಅಪ್ಪ ಅಮ್ಮ ಸೇರಿಸಿ ಬೈಗುಳ. ಬಿಸಿಲು ಏರಿದರೆ ರಬ್ಬರ್ ಗಾಜಿಗೆ ಅಂಟುತ್ತದೆಂದು ಎಲ್ಲ ಗಾಡಿಗಳ ಕಡ್ಡಿಗಳನ್ನೂ ಎತ್ತಿ ನಿಲ್ಲಿಸುತ್ತಿದ್ದ. ಆಗ ಇಪ್ಪತ್ತೊಂದು ಗಾಡಿಗಳೂ ಎರಡೆರಡು ಕೈ ಎತ್ತಿ ಘೋಷಣೆ ಕೂಗಿದಂತೆ ಕಾಣುತ್ತಿತ್ತು. ನಮ್ಮ ಯಾವ ಧರಣಿಯಲ್ಲೂ ಅಷ್ಟು ಕೈ ಎದ್ದಿಲ್ಲ.

ಧರಣಿ ಎಂದರೆ ಆಗ ನನ್ನ ಕೆಲಸ. ನಾನು ಯೂನಿಯನ್ನಿನ ಕಾರ್ಯದರ್ಶಿ. ಒಂದು ಬೇಸಿಗೆಯಲ್ಲಿ ಕಸ ತುಂಬುವವರು ನನ್ನ ಹತ್ತಿರ ಬಂದರು. ಡ್ರೈವರ್ ಮುಂದಿನ ವೈಪರ್ ಇಪ್ಪತ್ತೆರಡು ಅಂಗುಲ, ತಾವು ಕೂರುವ ಕಡೆಯದು ಹದಿನೆಂಟೇ ಅಂಗುಲ ಎಂದರು.

"ನಾವು ಕೂತ ಕಡೆ ಗಾಜು ಅರ್ಧಂಬರ್ಧ ಒರೆಸುತ್ತೆ ಅಣ್ಣ. ನಮಗೇನು ಕಣ್ಣಿಲ್ವಾ?"

ನನಗೆ ರಕ್ತ ಕುದಿಯಿತು. ಒಂದೇ ಗಾಡಿ, ಒಂದೇ ಗಾಜು, ಅದರಲ್ಲೂ ಮೇಲು ಕೀಳು! ಹನ್ನೊಂದು ದಿನ ಶೆಡ್ಡಿನ ಗೇಟಿಗೆ ಅಡ್ಡ ಕೂತೆವು. "ಸಮಾನ ಗಾಜು, ಸಮಾನ ಕಡ್ಡಿ" ಎಂದು ಗಂಟಲು ಹರಿಯುವಂತೆ ಕೂಗಿದೆವು. ಊರೆಲ್ಲ ನಾರತೊಡಗಿದ ಮೇಲೆ ಮ್ಯಾನೇಜರು ಮೂಗು ಮುಚ್ಚಿಕೊಂಡೇ ಒಪ್ಪಂದಕ್ಕೆ ಸಹಿ ಹಾಕಿದರು: ಇನ್ನು ಮುಂದೆ ಎರಡೂ ಕಡೆ ಇಪ್ಪತ್ತೆರಡು ಅಂಗುಲ.

ಕಡ್ಡಿಯೂ ಧರಣಿಯಲ್ಲಿ ಕೂತಿದ್ದ. ಕೂತಲ್ಲೇ ನನ್ನ ಕಿವಿಯಲ್ಲಿ ಹೇಳಿದ: "ಅಣ್ಣ, ನಮ್ಮ ಗಾಡಿ ವೈಪರ್ ಎರಡೂ ತುದಿಯಿಂದ ಮಧ್ಯಕ್ಕೆ ಬಂದು ವಾಪಸ್ ಹೋಗ್ತವೆ. ಎರಡೂ ಉದ್ದ ಆದ್ರೆ ಮಧ್ಯದಲ್ಲಿ ಕಾದಾಡ್ತವೆ."

"ಮ್ಯಾನೇಜರ್ ಕಳಿಸಿದ್ನೇನೋ ನಿನ್ನ?" ಎಂದೆ.

ಹೊಸ ಬ್ಲೇಡುಗಳು ಬಂದವು. ಒಪ್ಪಂದ ಸರಿಯಾಗಿ ಜಾರಿಯಾಗಿದೆಯೇ ಎಂದು ನೋಡಲು ನಾನು ಟೇಪು ಹಿಡಿದು ಶೆಡ್ಡಿಗೆ ಹೋದೆ. ಕಡ್ಡಿ ನಾಲ್ಕನೇ ನಂಬರಿನ ಗಾಡಿಯ ಮುಂದೆ ನಿಂತಿದ್ದ. ಅಳೆದೆ. ಇಪ್ಪತ್ತೆರಡು, ಇಪ್ಪತ್ತೆರಡು. ಇದೇ ಮಾದರಿ ಗಾಡಿ ಎಂದು ಎರಡೂ ಬ್ಲೇಡುಗಳ ತುದಿಗೆ ಕೆಂಪು ಬಣ್ಣ ಬಳಿದೆ.

"ಒಂದು ಬಕೆಟ್ ನೀರು ಹಾಕಿ ಆಡಿಸಿ ನೋಡೋಣ ಅಣ್ಣ," ಎಂದ.

"ಊಟದ ಹೊತ್ತಾಯ್ತು. ಹಂಗೇ ಆಡಿಸು."

"ಒಣ ಗಾಜಿನ ಮೇಲಾ? ಕೈ ಮುಗಿತೀನಿ, ಬೇಡ."

ಉಳಿದ ಇಪ್ಪತ್ತು ಗಾಡಿಗಳನ್ನು ಅಳೆಯದೆ ಊಟಕ್ಕೆ ಹೋದೆ.

ಮೊದಲ ಮಳೆ ಬಂತು. ನಾಲ್ಕನೇ ನಂಬರಿನ ಡ್ರೈವರ್ ವೈಪರ್ ಹಾಕಿದ. ಎರಡು ಕಡ್ಡಿಗಳೂ ಮಧ್ಯಕ್ಕೆ ಬಂದು, ಜಡೆ ಹಿಡಿದ ಜಗಳಗಂಟಿಯರ ಹಾಗೆ ಸಿಕ್ಕಿಹಾಕಿಕೊಂಡು ಅಲ್ಲೇ ನಿಂತುಬಿಟ್ಟವು. ಗಾಜಿನಲ್ಲಿ ಏನೂ ಕಾಣಲಿಲ್ಲ. ಗಾಡಿ ಸೀದಾ ಹೋಗಿ ಮ್ಯಾನೇಜರ ಮನೆಯ ಕಾಂಪೌಂಡ್ ಗೋಡೆ ಕೆಡವಿ, ಒಂದು ದಿನದ ಕಸವನ್ನು ಅಂಗಳದಲ್ಲಿ ಸುರಿಯಿತು. ಯಾರಿಗೂ ಗಾಯವಾಗಲಿಲ್ಲ. ಮಾನದ ಲೆಕ್ಕ ಬೇರೆ.

ವಿಚಾರಣೆ ನಡೆಯಿತು. ತಪ್ಪು ಸಾಬೀತಾದರೆ ಕಡ್ಡಿಯ ಕೆಲಸ ಹೋಗುತ್ತದೆ ಎಂದು ಮೊದಲೇ ಬರೆದು ಕೊಟ್ಟಿದ್ದರು. ಮೇಜಿನ ಆ ಕಡೆ ಮ್ಯಾನೇಜರು, ಈ ಕಡೆ ಕಡ್ಡಿ, ಕಾರ್ಮಿಕರ ಪರವಾಗಿ ನಾನು.

"ಇಪ್ಪತ್ತೊಂದು ಗಾಡಿಗೂ ಒಂದೇ ಅಳತೆ. ಇಪ್ಪತ್ತು ಮಳೆಯಲ್ಲಿ ಚೆನ್ನಾಗಿ ಓಡಿದವು. ಇದೊಂದೇ ಯಾಕೆ ನಿಂತಿತು?" ಎಂದರು ಮ್ಯಾನೇಜರು. "ನೀನು ಸರಿಯಾಗಿ ಕೂರಿಸಿಲ್ಲ. ಬೇರೆ ಕಾರಣ ಇದ್ರೆ ಹೇಳು."

ಆ ಇಪ್ಪತ್ತು ಗಾಡಿ ಹೇಗೆ ಓಡಿದವು ಎಂಬುದು ನನಗೂ ತಲೆಗೆ ಹೋಗಲಿಲ್ಲ.

ಬಾಗಿಲು ದಡಾರೆಂದು ತೆರೆಯಿತು. ಕಡ್ಡಿಯ ಹೆಂಡತಿ. ಕೈಯಲ್ಲಿ ಸಂಚಿ. ಹೊರಗೆ ಪ್ಯೂನ್ "ಅಕ್ಕಾ, ಅಕ್ಕಾ" ಎನ್ನುತ್ತಲೇ ಇದ್ದ. ಅವಳು ಸಂಚಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ವೈಪರಿನ ತುಂಡುಗಳು ಉದುರಿದವು. ಒಂದೊಂದೂ ನಾಲ್ಕು ಅಂಗುಲ.

"ಎಣಿಸಿಕೊಳ್ಳಿ ಸಾರ್. ಇಪ್ಪತ್ತು ಗಾಡಿದು ಇಪ್ಪತ್ತು ತುಂಡು. ಎರಡೂ ಕಡ್ಡಿ ಒಂದಕ್ಕೊಂದು ಬಡೀದೇ ಇರಲಿ ಅಂತ ಕಸ ತುಂಬೋರ ಕಡೇದನ್ನೆಲ್ಲ ಇವರು ಕೂತು ಕತ್ತರಿಸಿದಾರೆ. ಕತ್ತರಿಸಿದ್ದನ್ನ ನಾನು ಮನೆ ಕಿಟಕಿ ಬಾಗಿಲ ಸಂದಿಗೆ ಮೊಳೆ ಹೊಡೆದಿದ್ದೆ, ಮಳೆ ನೀರು ಒಳಗೆ ಬರದಿರಲಿ ಅಂತ. ಬೆಳಿಗ್ಗೆಯಿಂದ ಕೂತು ಕಿತ್ತು ತಂದಿದೀನಿ."

"ಮತ್ತೆ ನಾಲ್ಕನೇ ನಂಬರಿಂದು?" ಎಂದರು ಮ್ಯಾನೇಜರು.

ಅವಳು ನನ್ನ ಕಡೆ ಬೆರಳು ತೋರಿಸಿದಳು. "ಈ ಅಣ್ಣ ಅದಕ್ಕೆ ಕೆಂಪು ಬಣ್ಣ ಹಚ್ಚಿ ಹೋದ್ರಲ್ಲ! ಕತ್ತರಿಸಿದ್ರೆ ಬಣ್ಣ ಹೋಗುತ್ತೆ, ಯೂನಿಯನ್ನಿಗೆ ದ್ರೋಹ ಆಗುತ್ತೆ ಅಂತ ಇವರು ನಿದ್ದೆ ಬಿಟ್ರು, ಅದೊಂದನ್ನ ಮುಟ್ಲಿಲ್ಲ."

ಮ್ಯಾನೇಜರ ಮುಖ ಅರಳಿತು. "ಅಂದ್ರೆ ನಗರಸಭೆ ಸೊತ್ತನ್ನ ಇಪ್ಪತ್ತು ಸಲ ಹಾಳು ಮಾಡಿದ ಹಾಗಾಯ್ತು!"

ಎದ್ದು ನಿಂತೆ. "ಬರ್ಕೊಳ್ಳಿ ಸಾರ್. ಬೇಡಿಕೆ ನಂದು, ಟೇಪು ನಂದು, ಬಣ್ಣ ನಂದು. ಇವನು ಮೊದಲೇ ಬೇಡ ಅಂದಿದ್ದ. ನಾನು ಕೇಳಲಿಲ್ಲ. ಆ ಅಳತೆಗೆ ಸಹಿ ಹಾಕಿದವರು ಯಾರು ಅನ್ನೋದನ್ನೂ ಕೆಳಗೇ ಬರ್ಕೊಳ್ಳಿ."

ಮ್ಯಾನೇಜರು ಪೆನ್ನು ಎತ್ತಿದರು. ಒಪ್ಪಂದದ ಕಾಗದ ತಿರುವಿ ತಮ್ಮ ಸಹಿ ನೋಡಿದರು. ಪೆನ್ನು ಕೆಳಗಿಟ್ಟು ಚಹಾ ತರಿಸಿದರು.

ಎರಡು ಗಂಟೆ ತಲೆ ಕೆರೆದುಕೊಂಡು ವರದಿ ಬರೆದೆವು. ಒಪ್ಪಂದದಲ್ಲಿ ತಪ್ಪಿಲ್ಲ. ಯೂನಿಯನ್ನಿನಲ್ಲಿ ತಪ್ಪಿಲ್ಲ. ಮೆಕ್ಯಾನಿಕ್ಕನ ಮೇಲೆ ಆರೋಪವಿಲ್ಲ. ತಪ್ಪಿತಸ್ಥ ಗೋಡೆ: ರಸ್ತೆಯ ಕಡೆಗೆ ನಾಲ್ಕು ಅಂಗುಲ ಮುಂದೆ ಬಂದಿತ್ತು. ಅದನ್ನು ಹಿಂದಕ್ಕೆ ಕಟ್ಟತಕ್ಕದ್ದು. ಒಪ್ಪಂದ ಹಾಗೇ ಇರುತ್ತದೆ, ಉಗ್ರಾಣ ಎರಡೂ ಕಡೆಗೆ ಇಪ್ಪತ್ತೆರಡು ಅಂಗುಲದ ಬ್ಲೇಡನ್ನೇ ತರಿಸುತ್ತದೆ. ಆಮೇಲೆ ಮೆಕ್ಯಾನಿಕ್ ತನ್ನ ವಿವೇಚನೆಯಂತೆ ನಡೆದುಕೊಳ್ಳಬಹುದು. ವಿವೇಚನೆ ನಡೆಸಲು ಅವನಿಗೆ ಒಂದು ಹ್ಯಾಕ್ಸಾ ಗರಗಸ ಕೊಡತಕ್ಕದ್ದು.

ಕಸ ತುಂಬುವವರು ಸುಮ್ಮನಿರಲಿಲ್ಲ, ಅವರದ್ದು ನ್ಯಾಯವೇ. ಅವರ ಕಡೆಯ ಗಾಜನ್ನು ಮಾತ್ರ ಕಡ್ಡಿ ದಿನವೂ ಸೋಪು ಹಾಕಿ ಉಜ್ಜತೊಡಗಿದ. ಕಾಣುವಷ್ಟು ಕಂಡಿತು, ಗಲಾಟೆ ತಣ್ಣಗಾಯಿತು.

ವಿಚಾರಣೆ ಮುಗಿದ ಸಂಜೆ ಕಡ್ಡಿ, ಅವನ ಹೆಂಡತಿ, ನಾನು ಮೂವರೂ ಶೆಡ್ಡಿಗೆ ಹೋದೆವು. ನಾಲ್ಕನೇ ನಂಬರಿನ ಬ್ಲೇಡನ್ನು ನಾನು ಹಿಡಿದುಕೊಂಡೆ, ಕಡ್ಡಿ ಕತ್ತರಿಸಿದ. ರಬ್ಬರ್ ಜಾರದಂತೆ ತುದಿಯನ್ನು ಇಕ್ಕಳದಲ್ಲಿ ಅದುಮಿದ. ಗಾಜಿನ ಮೇಲೆ ಬಕೆಟ್ ನೀರು ನಾನೇ ಸುರಿದೆ. ಎರಡು ಕಡ್ಡಿಗಳೂ ಮಧ್ಯದವರೆಗೆ ಬಂದು, ಮುಟ್ಟದೆ, ತಮ್ಮ ತಮ್ಮ ಕಡೆ ಹಿಂದಿರುಗಿದವು.

ಕೆಂಪು ಬಣ್ಣದ ತುಂಡು ನೆಲಕ್ಕೆ ಬಿದ್ದಿತ್ತು. ಕಡ್ಡಿಯ ಹೆಂಡತಿ ಅದನ್ನು ಹೆಕ್ಕಿ ಸಂಚಿಗೆ ಹಾಕಿಕೊಂಡಳು.

"ಬಚ್ಚಲು ಕಿಟಕಿಗೆ ಒಂದು ತುಂಡು ಸಾಲದೆ ಬಂದಿತ್ತು," ಎಂದಳು. "ಕಿತ್ತಿದ್ದನ್ನೆಲ್ಲ ಮತ್ತೆ ಹೊಡೀಬೇಕು. ಭಾನುವಾರ ಬನ್ನಿ ಅಣ್ಣ. ಬರುವಾಗ ಸುತ್ತಿಗೆ ತನ್ನಿ, ಟೇಪು ಬೇಡ."